ಬಿರ್ಕಾ ಸಮಾಧಿಯ ಹೆಣ್ಣು: ಒಂದು ಸ್ಪಷ್ಟನೆ

"ವೈಕಿಂಗ್ ಯೋಧೆಯ ಸಮಾಧಿ ಅನ್ನೋದು ಸಾಕ್ಷ್ಯಚಿತ್ರದವರು ಸುಮ್ನೆ ಹೊಸೆದ ಕತೆ" ಎಂಬ ಮಾತು ಹರಿದಾಡುತ್ತಿದೆ. ಅದು ತಪ್ಪು. ವೈಕಿಂಗರೆಂದರೆ ಸುಮಾರು ಸಾವಿರ ವರ್ಷಗಳ ಹಿಂದೆ ಉತ್ತರ ಯುರೋಪಿನಲ್ಲಿದ್ದ ಕಡಲಯಾನಿ ಜನ. ಅವರ ಕಾಲದ ಪಟ್ಟಣವಾಗಿದ್ದ ಸ್ವೀಡನ್ನಿನ ಬಿರ್ಕಾದಲ್ಲಿ 1878ರಲ್ಲಿ ಅಗೆದ ಸಮಾಧಿ ಅದು. ಒಳಗೆ ಕತ್ತಿ, ಕೊಡಲಿ, ಈಟಿ, ಬಾಣಗಳು, ಎರಡು ಕುದುರೆಗಳ ಮೂಳೆ, ಆಟದ ಕಾಯಿಗಳೂ ಇದ್ದವು. ಆಯುಧ ಕಂಡಿದ್ದೇ ತಡ, ಗಂಡಸೇ ಎಂದುಕೊಂಡರು! ಅಸ್ಥಿಪಂಜರ ಹೆಣ್ಣಿನದು ಎಂದು 2017ರಲ್ಲಿ ಪ್ರಕಟವಾದ ಡಿಎನ್‌ಎ ಪರೀಕ್ಷೆ ತೋರಿಸಿತು.

ಹಾಗಂತ ವೈಕಿಂಗ್ ದಂತಕತೆಗಳಲ್ಲಿ ಬರುವ ಗುರಾಣಿ ಹಿಡಿದ ಹೆಣ್ಣುಗಳೆಲ್ಲ ನಿಜ ಎಂದು ಇದರಿಂದ ಸಾಬೀತಾಗುವುದಿಲ್ಲ. ಆಕೆ ನಿಜಕ್ಕೂ ಕಾದಾಡಿದ್ದಳೇ ಎಂಬ ಬಗ್ಗೆ ವಿದ್ವಾಂಸರಲ್ಲೇ ಜಗಳವಿದೆ. ಗಂಡಸು ಎಂದುಕೊಂಡಿದ್ದಾಗ ಈ ಪ್ರಶ್ನೆಯನ್ನು ಯಾರೂ ಜಾಸ್ತಿ ಕೇಳಿರಲಿಲ್ಲ, ಅಲ್ವಾ? ಇನ್ನು ಪರದೆ ಮೇಲೆ ಆಕೆ ಕುದುರೆಯೇರಿ ಕತ್ತಿ ಬೀಸುವ ದೃಶ್ಯಗಳು ಕಂಡರೆ, ಅವು ಊಹೆಯಿಂದ ಕಟ್ಟಿದವು.