ರಿಲೀಸ್ ಡೇಟು, ಬಟಾಣಿ, ಇತ್ಯಾದಿ

ನಮ್ಮನೇಲಿ ಸಿನಿಮಾ ನೋಡೋದು ಕಮ್ಮಿ, ಸಿನಿಮಾಗೆ ಕಾಯೋದೇ ಜಾಸ್ತಿ. ಅದರಲ್ಲೂ ಅನಿಮೇಷನ್ ಸಿನಿಮಾ ಅಂದ್ರೆ ಕೇಳೋದೇ ಬೇಡ. ಮಗರಾಯ ಐದನೇ ಕ್ಲಾಸು, ಹದಿನೇಳರ ಮಗ್ಗಿ ಹೇಳೋ ಅಂದ್ರೆ ಮೇಲೆ ಫ್ಯಾನ್ ನೋಡ್ತಾನೆ, ಟಾಯ್ ಸ್ಟೋರಿ ಐದನೇದು ಯಾವತ್ತೋ ಅಂದ್ರೆ 2026 ಜೂನ್ 19 ಅಂತ ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತಾನೆ.

ಈ ಹಾಲಿವುಡ್ನೋರ ಮೇಲೆ ನಂದೊಂದು ಹಳೇ ತಕರಾರಿದೆ. ಅವರ ಬೇಸಿಗೆ ರಜ ಶುರುವಾಗೋದೇ ನಮ್ಮ ಬೇಸಿಗೆ ರಜ ಮುಗಿದ ಮೇಲೆ. ಏಪ್ರಿಲ್ ಮೇನಲ್ಲಿ ನಮ್ಮ ಮಕ್ಕಳು ಮನೇಲಿ ಗೋಡೆ ಹತ್ಕೊಂಡು ಸೋಫಾ ಹರ್ಕೊಂಡು ಇರ್ತಾವೆ, ಆವಾಗ ಟಿವೀಲಿ ಐಪಿಎಲ್ ಬಿಟ್ರೆ ಇನ್ನೇನೂ ಇರಲ್ಲ. ಜೂನ್ ಬರ್ತಿದ್ದಂಗೆ ಶಾಲೆ ಫೀಸು, ಯೂನಿಫಾರ್ಮು, ಬುಕ್ಕಿಗೆ ಬೈಂಡು, ಜತೆಗೆ ಮಳೆ, ಒಣಗದೇ ಇರೋ ಸಾಕ್ಸು, ಅದೇ ಹೊತ್ತಿಗೆ ಇವು ಸಾಲಾಗಿ ಬರ್ತವೆ, ಜೂನ್ 19 ಟಾಯ್ ಸ್ಟೋರಿ, ಜುಲೈ 1 ಮಿನಿಯನ್ಸ್ 3, ಜುಲೈ 10 ಮೋವಾನಾ. ಈ ಮೋವಾನಾ ಕಾರ್ಟೂನ್ ಅಲ್ಲವಂತೆ, 2016ರಲ್ಲಿ ಕಾರ್ಟೂನ್ ಮಾಡಿದ ಕತೆನೇ ಈಗ ನಿಜವಾದ ಮನುಷ್ಯರನ್ನ ಇಟ್ಕೊಂಡು ತೆಗೆದಿರೋದಂತೆ. ಯಾಕೆ ಅಂತ ನನ್ನ ಕೇಳಬೇಡಿ, ನಾನೂ ಮಗನ್ನ ಕೇಳಿದೆ, ಅವನು ನನ್ನ ಮುಖ ನೋಡಿ ನಿಟ್ಟುಸಿರು ಬಿಟ್ಟ.

ಈ ಡೇಟುಗಳನ್ನೆಲ್ಲ ಅವನು ಒಂದು ಹಾಳೇಲಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದ. ಫ್ರಿಜ್ಜಿನ ಮೇಲೆ ಹಾಳೆ ಅಂದ್ರೆ ನಮ್ಮನೇಲಿ ಅದು ಸಾಮಾನಿನ ಚೀಟಿ, ಇದು ಮದುವೆಯಾದಾಗಿಂದ ನಡ್ಕೊಂಡು ಬಂದಿರೋ ಪದ್ಧತಿ. ನಮ್ಮೆಜಮಾನ್ರು ಆಫೀಸಿಂದ ಬಂದವರು ಫೋಟೋ ಹೊಡ್ಕೊಂಡು ಸೀದಾ ಮಾರ್ಕೆಟ್ಟಿಗೆ ಹೋದ್ರು. ವಾಪಸ್ ಬಂದಾಗ ಎರಡೂ ಕೈಯಲ್ಲಿ ಬ್ಯಾಗು. ಫ್ರೋಜನ್ ಬಟಾಣಿ ಮೂರು ಪ್ಯಾಕೆಟ್ಟು, ಸಾಂಬಾರ್ ಈರುಳ್ಳಿ ಮೂರು ಕೆಜಿ. "ಏನ್ರೀ ಇದು" ಅಂದ್ರೆ ಫೋನ್ ತೆಗೆದು ತೋರಿಸಿದ್ರು, "ನೀನೇ ಬರೆದಿದೀಯಲ್ಲ, ಫ್ರೋಜನ್ 3, ಮಿನಿಯನ್ಸ್ 3, ಅಂಗಡಿಯವನು ಮಿನಿ ಆನಿಯನ್ಸ್ ಅಂದ್ರೆ ಸಾಂಬಾರ್ ಈರುಳ್ಳಿನೇ ಸಾರ್ ಅಂದ." ಫ್ರೋಜನ್ 3 ಬರೋದು 2027ರ ನವೆಂಬರಲ್ಲಿ, ಬಟಾಣಿ ಮಾತ್ರ ಅವತ್ತೇ ಬಂತು. ಆ ವಾರ ಬಟಾಣಿ ಉಪ್ಪಿಟ್ಟು, ಬಟಾಣಿ ಸಾಗು, ಬಟಾಣಿ ಪಲಾವು. ಈರುಳ್ಳಿ ವಿಷಯ ಹೇಳೋದೇ ಬೇಡ, ಟಾಯ್ ಸ್ಟೋರಿ ಮೂರನೇದರ ಕೊನೇಲಿ ಆ ಹುಡುಗ ಬೊಂಬೆಗಳನ್ನ ಕೊಟ್ಟು ಕಾಲೇಜಿಗೆ ಹೋಗೋ ಸೀನಿಗೆ ನಾನು ಹಾಕಿದ ಕಣ್ಣೀರು ಈ ಮೂರು ಕೆಜಿ ಸಿಪ್ಪೆ ಸುಲಿಯೋವಾಗ ಹಾಕಿದ್ದರ ಮುಂದೆ ಏನೇನೂ ಅಲ್ಲ.

ಟಾಯ್ ಸ್ಟೋರಿ ಅಂದ್ನಲ್ಲ, ಈ ಐದನೇದರ ಕತೆ ಏನು ಗೊತ್ತಾ, ಮಕ್ಕಳು ಬೊಂಬೆ ಬಿಟ್ಟು ಟ್ಯಾಬ್ ಹಿಡ್ಕೊಂಡಿದಾರೆ, ಬೊಂಬೆಗಳಿಗೆ ಟ್ಯಾಬೇ ಶತ್ರು, ಆ ಟ್ಯಾಬಿಗೆ ಲಿಲಿಪ್ಯಾಡ್ ಅಂತ ಹೆಸರು, ನೋಡಕ್ಕೆ ಕಪ್ಪೆ ಥರ. ಇದರ ಟ್ರೇಲರ್ ಬಂದಾಗಿಂದ ನಮ್ಮ ಮಗಳು ಅದನ್ನ ಟ್ಯಾಬಲ್ಲೇ ನೋಡ್ತಾಳೆ, ಹಾಸಿಗೇಲಿ ನೋಡ್ತಾಳೆ, ಊಟ ಮಾಡ್ತಾ ನೋಡ್ತಾಳೆ, "ಅಮ್ಮ ಪಾಪ ಬೊಂಬೆಗಳ ಜೊತೆ ಯಾರೂ ಆಡಲ್ಲ" ಅಂತ ಮೂಗು ಒರೆಸ್ಕೊಂಡು ಮತ್ತೆ ಮೊದಲಿಂದ ಹಾಕ್ತಾಳೆ. ಅವಳ ಸ್ವಂತ ಬೊಂಬೆಗಳು ಮಂಚದ ಕೆಳಗೆ ತಲೆಕೆಳಗಾಗಿ ಬಿದ್ದಿದಾವೆ. ಅವುಗಳನ್ನ ಗುಡಿಸಿ ತೆಗೆಯೋಳು ನಾನು, ಹಂಗಾಗಿ ಈ ಕತೇಲಿ ನಾನು ಯಾರ ಪಾರ್ಟಿ ಅಂತ ಇನ್ನೂ ತೀರ್ಮಾನ ಆಗಿಲ್ಲ.

ಡೇಟ್ ಕೊಟ್ಟು ಮುಂದಕ್ಕೆ ಹಾಕೋದ್ರಲ್ಲಿ ಮಾತ್ರ ಆ ಹಸಿರು ಶ್ರೆಕ್ಕನ್ನ ಮೀರಿಸೋರಿಲ್ಲ. ನಾಲ್ಕನೇದು ಬಂದಿದ್ದು 2010ರಲ್ಲಿ. ಐದನೇದಕ್ಕೆ ಮೊದಲು 2026 ಜುಲೈ 1 ಅಂದ್ರು, ಆಮೇಲೆ ಡಿಸೆಂಬರ್ 23 ಅಂದ್ರು, ಈಗ 2027 ಜೂನ್ 30 ಅಂತಿದಾರೆ. ನಮ್ಮ ಬಾತ್ರೂಮ್ ನಲ್ಲಿ ರಿಪೇರಿಗೆ ಬರ್ತೀನಿ ಅಂದ ಪ್ಲಂಬರು ಕೂಡ ಇಷ್ಟು ಚೆನ್ನಾಗಿ ಮುಂದಕ್ಕೆ ಹಾಕಿರಲಿಲ್ಲ. ಮಗ ಪ್ರತಿ ಸಲ ವೈಟ್ನರ್ ಹಚ್ಚಿ ಹೊಸ ಡೇಟ್ ಬರೀತಾನೆ, ಆ ಜಾಗ ಈಗ ಉಬ್ಬಿ ನಿಂತಿದೆ.

ಇಷ್ಟೆಲ್ಲ ಕಾದ ಮೇಲೆ ಸಿನಿಮಾ ಬಂದ ದಿನ ಏನಾಗುತ್ತೆ? ಹೋದ ವರ್ಷ ನವೆಂಬರಲ್ಲಿ ಝೂಟೋಪಿಯಾ ಎರಡನೇ ಭಾಗ ಬಂತು, ಮೊದಲನೇದು ಬಂದು ಒಂಬತ್ತು ವರ್ಷ ಆಗಿತ್ತು, ಅಂದ್ರೆ ನಮ್ಮ ಮಗಳು ಇನ್ನೂ ಹುಟ್ಟೇ ಇರಲಿಲ್ಲ. ಟಿಕೆಟ್ ನಾನ್ ಮಾಡ್ತೀನಿ ಅತ್ತಿಗೆ, ನನ್ನ ಕಾರ್ಡಲ್ಲಿ ಆಫರ್ ಇದೆ ಅಂತ ಬೆಂಗಳೂರಲ್ಲಿರೋ ಮೈದುನ ವಹಿಸ್ಕೊಂಡ. ಮಕ್ಕಳಿಗೆ ಹೊಸ ಬಟ್ಟೆ ಹಾಕಿಸಿ, ಮಳೆ ಅಂತ ಆಟೋ ಮಾಡ್ಕೊಂಡು, ಮೈಸೂರಿನ ಮಾಲ್ ಬಾಗಿಲಲ್ಲಿ ಫೋನ್ ತೋರಿಸಿದ್ರೆ ಆ ಹುಡುಗ ಸ್ಕ್ಯಾನ್ ಮಾಡ್ದ, ಟೊಂಯ್ ಅಂತು, ಇನ್ನೊಂದ್ ಸಲ ಮಾಡ್ದ, ಟೊಂಯ್. ಆಮೇಲೆ ಬಹಳ ವಿನಯವಾಗಿ "ಮೇಡಂ, ಸೀಟು ಕರೆಕ್ಟಾಗಿದೆ, ಟೈಮೂ ಕರೆಕ್ಟಾಗಿದೆ, ಊರು ಮಾತ್ರ ಬೆಂಗಳೂರು" ಅಂದ. ಮೈದುನ ಬುಕ್ ಮಾಡೋವಾಗ ಆಪ್ ಅವನಿರೋ ಊರನ್ನೇ ಹಿಡ್ಕೊಂಡಿತ್ತು. ಶೋಗೆ ಹತ್ತು ನಿಮಿಷ ಇತ್ತು, ಬೆಂಗಳೂರಿಗೆ ನೂರಾ ನಲವತ್ತು ಕಿಲೋಮೀಟರ್ ಇತ್ತು. ಮೈಸೂರಿನ ಶೋ ಫುಲ್. ಫೋನ್ ಮಾಡಿದ್ರೆ ಮೈದುನ "ಹೌದಾ ಅತ್ತಿಗೆ, ಛೆ, ಹಂಗಾದ್ರೆ ನಾನೇ ಹೋಗಿ ನೋಡ್ಕೊಂಡ್ ಬರ್ಲಾ, ಟಿಕೆಟ್ ವೇಸ್ಟ್ ಆಗುತ್ತೆ" ಅಂದ. ಹೋಗಿ ನೋಡ್ಕೊಂಡೂ ಬಂದ, ಫ್ರೆಂಡ್ಸ್ ಕರ್ಕೊಂಡು! ಮಗರಾಯ ಇವತ್ತಿಗೂ ಅವನ ಹತ್ರ ಮಾತಾಡೋವಾಗ ಒಂದು ದೂರ ಇಟ್ಕೊಂಡಿರ್ತಾನೆ.

ಇನ್ನು ಹೋಲಿಕೆ. ಯಾವ ಸಿನಿಮಾ ಮೇಲು ಅನ್ನೋದ್ರಲ್ಲಿ ನಮ್ಮನೇಲಿ ಇಬ್ಬರ ಅಳತೆಗೋಲು ಒಂದೇ ಇಲ್ಲ. ಮಗಳಿಗೆ ಹಾಡು ಮತ್ತೆ ಫ್ರಾಕು. ಯಜಮಾನ್ರಿಗೆ ಸೀಟು ಎಷ್ಟು ಹಿಂದಕ್ಕೆ ವಾಲುತ್ತೆ ಅನ್ನೋದು, ಯಾಕಂದ್ರೆ ಅವರು ಮಲಗ್ತಾರೆ. ಮಗನಿಗೆ ಕೂದಲು. ನಿಜವಾಗ್ಲೂ ಕೂದಲು. 2001ರ ಮಾನ್ಸ್ಟರ್ಸ್ ಇಂಕ್ ನಲ್ಲಿ ಸಲ್ಲಿ ಅಂತ ಒಬ್ಬ ನೀಲಿ ದೈತ್ಯ ಇದಾನಲ್ಲ, ಅವನ ಮೈಮೇಲೆ 23 ಲಕ್ಷ ಚಿಲ್ಲರೆ ಕೂದಲಂತೆ, ಕಂಪ್ಯೂಟರ್ ಒಂದೊಂದಕ್ಕೂ ಲೆಕ್ಕ ಹಾಕಿ ಅಲ್ಲಾಡಿಸಿದೆಯಂತೆ. "ಮನುಷ್ಯನ ತಲೇಲಿ ಸುಮಾರು ಒಂದ್ ಲಕ್ಷ ಇರುತ್ತಪ್ಪಾ" ಅಂತ ಹೇಳಿ ಅವರಪ್ಪನ ತಲೆನ ಸ್ವಲ್ಪ ಜಾಸ್ತಿ ಹೊತ್ತು ನೋಡ್ದ. ಅವರು ಎದ್ದು ಒಳಗೆ ಹೋದ್ರು.

ಅವನ ಪ್ರಕಾರ ಎಲ್ಲಕ್ಕಿಂತ ಮೇಲು 2018ರ ಸ್ಪೈಡರ್-ವರ್ಸ್. ಯಾಕೆ ಅಂತ ತೋರಿಸ್ತೀನಿ ಬಾ ಅಂತ ನನ್ನ ಅಡಿಗೆಮನೆಯಿಂದ ಎಳ್ಕೊಂಡ್ ಹೋಗಿ ಕೂರಿಸಿ, ರಬ್ಬರ್ ಬ್ಯಾಂಡ್ ಹಾಕಿರೋ ರಿಮೋಟ್ ಹಿಡ್ಕೊಂಡು ಟಕ್ ಟಕ್ ಅಂತ ನಿಲ್ಲಿಸಿ ನಿಲ್ಲಿಸಿ ತೋರಿಸ್ದ. ಕಾಡಲ್ಲಿ ಇಬ್ಬರು ಸ್ಪೈಡರ್‌ಮ್ಯಾನ್‌ಗಳು ಜೋತಾಡ್ಕೊಂಡು ಹೋಗ್ತಿದಾರೆ. ಸಿನಿಮಾ ಅಂದ್ರೆ ಸೆಕೆಂಡಿಗೆ 24 ಚಿತ್ರ, ಅನುಭವ ಇರೋ ದೊಡ್ಡೋನು ಪ್ರತಿ ಚಿತ್ರಕ್ಕೂ ಅಲುಗಾಡ್ತಾನೆ, ಹೊಸದಾಗಿ ಕಲೀತಿರೋ ಹುಡುಗ ಮೈಲ್ಸ್ ಎರಡು ಚಿತ್ರಕ್ಕೆ ಒಂದ್ಸಲ, ಅಂದ್ರೆ ಸೆಕೆಂಡಿಗೆ 12. ಅದಕ್ಕೇ ಅವನು ತಡವರಿಸ್ತಾ ಇರೋ ಹಂಗೆ ಕಾಣೋದು, ಯಾರೂ ಬಾಯ್ಬಿಟ್ಟು ಹೇಳದೇನೇ ನಮಗೆ ಗೊತ್ತಾಗಿಬಿಡುತ್ತೆ ಇವನಿನ್ನೂ ಹೊಸಬ ಅಂತ. ನಂಗೆ ನಿಜಕ್ಕೂ ರೋಮಾಂಚನ ಆಯ್ತು, ಇಷ್ಟು ವರ್ಷ ಕಾರ್ಟೂನು ಅಂತ ಕಡ್ಲೆಕಾಯಿ ತಿಂತಾ ನೋಡಿದ್ನಲ್ಲ ಅನ್ನಿಸ್ತು. ಅಷ್ಟರಲ್ಲಿ ಒಲೆ ಮೇಲಿದ್ದ ಹಾಲು ಉಕ್ಕಿತು. ಅದು ಸೆಕೆಂಡಿಗೆ 24ರಲ್ಲೇ ಉಕ್ಕಿತು. ಇದರ ಎರಡನೇ ಭಾಗ 2023ರಲ್ಲಿ ನಮ್ಮ ದೇಶದಲ್ಲಿ ಹತ್ತು ಭಾಷೇಲಿ ಬಂದಿತ್ತು, ಕನ್ನಡನೂ ಸೇರಿ. ಆದ್ರೆ ಕನ್ನಡದ ಶೋ ನಮ್ಮ ಕಡೆ ಹುಡುಕಿದ್ರೂ ಸಿಗ್ಲಿಲ್ಲ, ಇಂಗ್ಲಿಷಲ್ಲೇ ನೋಡಿದ್ವಿ, ಪಕ್ಕದಲ್ಲಿ ಅತ್ತೆಗೆ ಪಿಸುಪಿಸು ಅಂತ ಕನ್ನಡ ಮಾಡಿ ಹೇಳಿ ಹೇಳಿ ನನ್ನ ಗಂಟಲು ಕಟ್ಟಿತು, ಮುಂದಿನ ಸಾಲಿನೋರು ತಿರುಗಿ ತಿರುಗಿ ನೋಡಿದ್ರು.

ಅತ್ತೆ ಅಳತೆಗೋಲು ಬೇರೆ. ಅವರದು ಅಣ್ಣಾವ್ರು. 2025ರ ಜುಲೈಲಿ ಮಹಾವತಾರ ನರಸಿಂಹ ಬಂತಲ್ಲ, ಅಶ್ವಿನ್ ಕುಮಾರ್ ಮಾಡಿದ್ದು, ನಮ್ಮ ಹೊಂಬಾಳೆಯೋರು ತಂದಿದ್ದು, ಅದು ಕನ್ನಡದಲ್ಲೇ ಇತ್ತು ನೋಡಿ, ಅತ್ತೆ ತಲೆಗೆ ನೀರು ಹಾಕ್ಕೊಂಡು ಹೂ ಮುಡ್ಕೊಂಡು ಹೊರಟ್ರು. ಕನ್ನಡಕದ ಮೇಲೆ ತ್ರೀಡಿ ಕನ್ನಡಕ, ಅದು ಜಾರಬಾರದು ಅಂತ ಸೆರಗಿನ ತುದಿಯಿಂದ ಒಂದು ಕೈ ಒತ್ತಿ ಹಿಡ್ಕೊಂಡಿದ್ರು. ದೇವರ ಸಿನಿಮಾ ಅಂತ ಚಪ್ಪಲಿ ಬಿಟ್ಟು ಮೆಟ್ಟಿಲ ಪಕ್ಕ ಇಟ್ರು. ಹಿರಣ್ಯಕಶಿಪು ಬಂದ ತಕ್ಷಣ ತೀರ್ಪು ಬಂತು, "ಮೀಸೆ ಏನೋ ಇದೆ, ರಾಜಕುಮಾರ್ ಕಣ್ಣು ಎಲ್ಲಿದೆ?" 1983ರ ಭಕ್ತ ಪ್ರಹ್ಲಾದ ಅವರಿಗೆ ಬಾಯಿಪಾಠ, ಅದರಲ್ಲಿ ಪುಟ್ಟ ಅಪ್ಪು ಪ್ರಹ್ಲಾದ. ಈ ಬೊಂಬೆ ಪ್ರಹ್ಲಾದ ಎಷ್ಟೇ ಮುದ್ದಾಗಿದ್ರೂ "ನಮ್ಮ ಅಪ್ಪು ಮುಂದೆ ಏನು" ಅಂತ ಕಣ್ಣು ಒರೆಸ್ಕೊಂಡ್ರು. ಆದ್ರೆ ಕಂಬ ಒಡೆಯೋ ಸೀನಿಗೆ ಅಣ್ಣಾವ್ರೂ ಮರೆತುಹೋದ್ರು, ಇಡೀ ಥಿಯೇಟರ್ ಎದ್ದು ನಿಂತು ಕೂಗ್ತಿತ್ತು, ಅತ್ತೆನೂ ಎದ್ದು ಕೈ ಮುಗಿದ್ರು, ಆ ಗಲಾಟೇಲಿ ಯಾರದೋ ಕಾಲಿಗೆ ಸಿಕ್ಕಿ ಒಂದು ಚಪ್ಪಲಿ ಮೆಟ್ಟಿಲು ಮೆಟ್ಟಿಲಾಗಿ ಕೆಳಗೆ ಇಳ್ಕೊಂಡ್ ಹೋಯ್ತು. ಸಿನಿಮಾ ಬಿಟ್ಟ ಮೇಲೆ ಫೋನ್ ಟಾರ್ಚ್ ಹಾಕ್ಕೊಂಡು ಸೀಟು ಸೀಟಿನ ಕೆಳಗೆ ಬಗ್ಗಿ ಹುಡುಕಿದ್ರೂ ಸಿಗ್ಲಿಲ್ಲ, ಕಸ ತೆಗೆಯೋ ಅಮ್ಮ ಪಾಪ್‌ಕಾರ್ನ್ ಜೊತೆ ಗುಡಿಸಿ ಚೀಲಕ್ಕೆ ತುಂಬಿ ಆಗಿತ್ತು. ಅತ್ತೆ ಬರಿಗಾಲಲ್ಲಿ ಎಸ್ಕಲೇಟರ್ ಮುಂದೆ ನಿಂತ್ಕೊಂಡು "ಹೋಗ್ಲಿ ಬಿಡು, ಶನಿ ಬಿಡ್ತು" ಅಂದ್ರು. ಒಂದೇ ಚಪ್ಪಲಿ ಹೋದ್ರೆ ಶನಿ ಅರ್ಧ ಬಿಡುತ್ತಾ ಅಂತ ಮಗ ಕೇಳಿದ್ದಕ್ಕೆ ಇನ್ನೊಂದನ್ನೂ ಅಲ್ಲೇ ಬಿಟ್ಟು ಬಂದ್ರು.

ನನ್ನ ಕೇಳಿದ್ರೆ ಇತ್ತೀಚೆಗೆ ನೋಡಿದ್ರಲ್ಲಿ ಫ್ಲೋಗೆ ನನ್ನ ವೋಟು. ಲಾಟ್ವಿಯಾ ಅನ್ನೋ ಪುಟ್ಟ ದೇಶದ್ದು, 2025ರಲ್ಲಿ ಆಸ್ಕರ್ ಬಂತು, ಇನ್ಸೈಡ್ ಔಟ್ 2 ಥರದ ದೊಡ್ಡ ದೊಡ್ಡ ಕಂಪನಿ ಸಿನಿಮಾಗಳನ್ನ ಹಿಂದೆ ಹಾಕಿ. ಒಂದು ಕಪ್ಪು ಬೆಕ್ಕು, ಸುತ್ತ ಪ್ರವಾಹ, ಒಂದು ದೋಣಿ, ಅಷ್ಟೇ. ಒಂದೇ ಒಂದು ಮಾತಿಲ್ಲ. ಇಂಗ್ಲಿಷಾ ಹಿಂದಿನಾ ಅಂತ ಜಗಳ ಇಲ್ಲ, ಸಬ್‌ಟೈಟಲ್ ಇಲ್ಲ, ಅತ್ತೆ ಮಗಳು ಇಬ್ಬರಿಗೂ ಸಮ ಅರ್ಥ ಆಯ್ತು, ಯಜಮಾನ್ರು ಕೂಡ ಎದ್ದಿದ್ರು. ನಾವೆಲ್ಲ ಹಾಲಲ್ಲಿ ಕೂತು "ಅಯ್ಯೋ ಪಾಪ ಬೆಕ್ಕು, ನೀರಿಗೆ ಬೀಳುತ್ತೆ, ಬೆಕ್ಕಿಗೇನೂ ಆಗಲ್ಲ ತಾನೇ" ಅಂತ ಉಸಿರು ಬಿಗಿಹಿಡಿದಿರೋವಾಗ ಬೀದಿ ಬೆಕ್ಕು ಅಡಿಗೆಮನೆ ಕಿಟಕಿಯಿಂದ ಇಳಿದು ಅತ್ತೆ ಬೆಳಿಗ್ಗೆ ಕಡೆದಿಟ್ಟ ಬೆಣ್ಣೆನ ನಿಧಾನವಾಗಿ, ಯಾವ ಅರ್ಜೆಂಟೂ ಇಲ್ಲದೆ, ಪೂರ್ತಿ ಮುಗಿಸಿತ್ತು. ಅತ್ತೆ ಪೊರಕೆ ತಗೊಂಡ್ರು. ಸಿನಿಮಾದ ಬೆಕ್ಕಿಗೆ ಇಟ್ಟಿದ್ದ ಕರುಣೆ ಅಷ್ಟಕ್ಕೇ ಖರ್ಚಾಗಿತ್ತು.

ಫ್ಲೋ ಮಾಡಿದ್ದು ಬ್ಲೆಂಡರ್ ಅನ್ನೋ ಪುಕ್ಕಟೆ ಸಾಫ್ಟ್‌ವೇರಲ್ಲಿ ಅಂತ ಮಗನಿಗೆ ಗೊತ್ತಾಗಿದ್ದೇ ತಡ, ಅವರಪ್ಪನ ಲ್ಯಾಪ್‌ಟಾಪಿಗೆ ಇಳಿಸ್ಕೊಂಡ. ಅದರಲ್ಲಿ ಕಲಿಯೋರು ಮೊದಲು ಡೋನಟ್ ಮಾಡೋದು ವಾಡಿಕೆಯಂತೆ. ಅತ್ತೆ ಸ್ಕ್ರೀನ್ ನೋಡಿ "ವಡೆ ಚೆನ್ನಾಗಿ ಬಂದಿದೆ ಕಣೋ, ಇನ್ನೊಂಚೂರು ಬೇಯಬೇಕು" ಅಂದ್ರು. ರಾತ್ರಿಯೆಲ್ಲ ಲ್ಯಾಪ್‌ಟಾಪ್ ಬುಸ್ ಬುಸ್ ಅಂತ ಆ ವಡೆ ಬೇಯಿಸಿತು, ಬೆಳಿಗ್ಗೆ ಯಜಮಾನ್ರ ಮೀಟಿಂಗ್ ಹೊತ್ತಿಗೆ ಅಲ್ಲಾಡ್ಲಿಲ್ಲ. ಸಿಟ್ಟಲ್ಲಿ ಇಡೀ ಫೋಲ್ಡರ್ ಅಳಿಸಿ ಹಾಕಿದ್ರು. ಮಗ ಅಳಲಿಲ್ಲ. ತಣ್ಣಗೆ, "ಅಪ್ಪಾ, ಟಾಯ್ ಸ್ಟೋರಿ 2 ಮಾಡೋವಾಗಲೂ ಯಾರೋ ಹಿಂಗೇ ಡಿಲೀಟ್ ಕೊಟ್ಬಿಟ್ಟಿದ್ರು, ಬ್ಯಾಕಪ್ಪೂ ಕೈಕೊಟ್ಟಿತ್ತು, ಹೊಸದಾಗಿ ಮಗು ಆಗಿದ್ದ ಒಬ್ಬರು ಆಂಟಿ ಮನೇಲಿ ಒಂದು ಕಾಪಿ ಇತ್ತು, ಆ ಕಂಪ್ಯೂಟರ್‌ಗೆ ಕಂಬಳಿ ಸುತ್ತಿ ಕಾರಲ್ಲಿ ತಂದು ಸಿನಿಮಾ ಉಳಿಸಿದ್ರು" ಅಂದ. ನಿನ್ನ ಕಾಪಿ ಎಲ್ಲಿದೆಯೋ ಅಂದ್ರೆ "ಅಜ್ಜಿ ಫೋನಲ್ಲಿ." ಆಗ ಗೊತ್ತಾಯ್ತು ನೋಡಿ, ಅತ್ತೆ ವಾಟ್ಸಾಪಿಗೆ ಗುಡ್ ಮಾರ್ನಿಂಗ್ ಫೋಟೋ ಯಾಕೆ ಬರ್ತಿಲ್ಲ, ಅಣ್ಣನ ಮನೆಯೋರು ಮುನಿಸ್ಕೊಂಡ್ರಾ ಅಂತ ಅವರು ಯಾಕೆ ಕೊರಗ್ತಿದ್ರು ಅಂತ. ಫೋನ್ ತುಂಬ ವಡೆ.

ಈಗ ಫ್ರಿಜ್ಜಿನ ಹಾಳೇಲಿ ಜಾಗ ಸಾಲದೆ ಇನ್ನೊಂದು ಹಾಳೆ ಅಂಟಿಸಿದಾನೆ, ಅದು ಪೂರ್ತಿ ಮಹಾವತಾರದ್ದು. ಪರಶುರಾಮ 2027, ರಘುನಂದನ 2029, ದ್ವಾರಕಾಧೀಶ 2031, ಗೋಕುಲಾನಂದ 2033, ಕಲ್ಕಿ ಮೊದಲನೇ ಭಾಗ 2035, ಎರಡನೇದು 2037. ಯಜಮಾನ್ರು ನೋಡಿ, ನಮ್ಮ ಮನೆ ಲೋನೂ ಕಲ್ಕಿನೂ ಒಂದೇ ವರ್ಷ ಮುಗಿಯುತ್ತೆ ಅಂದ್ರು. ಮಗ ಅತ್ತೆಗೆ ಒಂದೊಂದಾಗಿ ಓದಿ ಹೇಳ್ದ. ಅವರು ಹೂಬತ್ತಿ ಹೊಸೀತಾ ಎಲ್ಲ ಕೇಳಿಸ್ಕೊಂಡು, ಕಲಿಯುಗ ಒಟ್ಟು ನಾಲ್ಕು ಲಕ್ಷ ಮೂವತ್ತೆರಡು ಸಾವಿರ ವರ್ಷ, ನಾವಿನ್ನೂ ಪ್ರಥಮ ಪಾದದಲ್ಲೇ ಇದೀವಿ, ದಿನಾ ಸಂಕಲ್ಪದಲ್ಲಿ ಹೇಳಲ್ವಾ ನಿಮ್ಮ ತಾತ, ಕಲ್ಕಿಗೇ ಇಲ್ಲದ ಅರ್ಜೆಂಟು ಇವರಿಗೇನಂತೆ, ಅಂದ್ರು.