ಒಂದು ಟನ್ ಕಬ್ಬು, 500 ಡಾಲರ್

ನಿನ್ನೆ ಮದ್ದೂರಿನಿಂದ ಚಿಕ್ಕಪ್ಪ, ಚಿಕ್ಕಮ್ಮ ಬಂದಿದ್ದರು. ಮಗಳ ಬಾಣಂತನ ಮುಗಿಸಿಕೊಂಡು ಅಮೆರಿಕದಿಂದ ಬಂದು ಹತ್ತು ದಿನ ಆಗಿದೆ. ಮಗುವಿನ ಫೋಟೋ ತೋರಿಸಲು ಚಿಕ್ಕಮ್ಮ ಪರ್ಸ್ ತೆಗೆದರು. ಜೊತೆಗೆ ಎರಡು ರಸೀದಿಯೂ ಆಚೆ ಬಂತು. ಅವನ್ನು ನೋಡಿದಾಗಿನಿಂದ ನನಗೆ ಸಮಾಧಾನ ಇಲ್ಲ.

ಹೋಗುವ ರಾತ್ರಿ ಏರ್‌ಪೋರ್ಟಿನಲ್ಲಿ 500 ಡಾಲರ್ ಕೊಂಡಿದ್ದಾರೆ. ಡಾಲರಿಗೆ 94 ರೂಪಾಯಿ. ಆ ದಿನದ ದರ ಫೋನಿನಲ್ಲಿ ಹುಡುಕಿದೆ, 88ರ ಆಸುಪಾಸು. ಸುಮಾರು 3000 ರೂಪಾಯಿ ಅಲ್ಲೇ ಹೋಯಿತು. ಬರುವಾಗ 200 ಡಾಲರ್ ಉಳಿದಿತ್ತು. ಅಂಥದ್ದೇ ಕೌಂಟರಿನಲ್ಲಿ 82ರಂತೆ ಮಾರಿದ್ದಾರೆ. ಅಲ್ಲಿ ಇನ್ನೊಂದು ಸಾವಿರದ ಮೇಲೆ.

"ಕಮಿಷನ್ ಇಲ್ಲ ಅಂತ ಬೋರ್ಡಿತ್ತು ಕಣವ್ವ" ಅಂದರು ಚಿಕ್ಕಪ್ಪ.

ನನಗೆ ಸಿಟ್ಟು ಬರುವುದೇ ಆ ಬೋರ್ಡಿನ ಮೇಲೆ. ಕಮಿಷನ್ ಇಲ್ಲ, ನಿಜ. ಲಾಭವೆಲ್ಲ ದರದೊಳಗೇ ಕೂತಿದೆ. ಕೊಡುವಾಗ ಒಂದು ದರ, ಕೊಳ್ಳುವಾಗ ಇನ್ನೊಂದು. ನಡುವೆ 12 ರೂಪಾಯಿ! ಟನ್ ಕಬ್ಬಿಗೆ ನೂರು ರೂಪಾಯಿ ಜಾಸ್ತಿ ಕೊಡಿ ಅಂತ ಹೆದ್ದಾರಿಯಲ್ಲಿ ಬಿಸಿಲಿಗೆ ಕೂತ ಮನುಷ್ಯ ನಮ್ಮ ಚಿಕ್ಕಪ್ಪ. ಹೆಚ್ಚುಕಡಿಮೆ ಒಂದು ಟನ್ ಕಬ್ಬಿನ ದುಡ್ಡನ್ನು ಐದು ನಿಮಿಷದಲ್ಲಿ ಕೊಟ್ಟು ಬಂದರು. ಕೊಟ್ಟಿದ್ದು ಅವರಿಗೆ ಗೊತ್ತೂ ಆಗಲಿಲ್ಲ.

ಕೌಂಟರಿನವರಿಗೂ ಬಾಡಿಗೆ, ಸಂಬಳ ಇರುತ್ತದೆ ಅಂತ ನಮ್ಮ ಯಜಮಾನರು ಹೇಳಿದರು. ಇರಲಿ. ಹಾಗಿದ್ದರೆ ಅದನ್ನೇ ಬೋರ್ಡಿನಲ್ಲಿ ಬರೆಯಲಿ. ಜಿಎಸ್‌ಟಿ ಲೆಕ್ಕ ರಸೀದಿಯಲ್ಲಿ ಚೊಕ್ಕವಾಗಿ ಇತ್ತು, 85 ರೂಪಾಯಿ. ದರದಲ್ಲಿ ಹೋದ 3000 ಎಲ್ಲಿ ಬರೆದಿದೆ?

ಹೊರಡುವ ಮುಂಚೆ ಮೈಸೂರಿನಲ್ಲೇ ಎರಡು ಮೂರು ಕಡೆ ಫೋನ್ ಮಾಡಿದ್ದರೆ ಸಾಕಿತ್ತು. ದರ ಎಷ್ಟು ಅಂತಷ್ಟೇ ಕೇಳಬೇಡಿ. "ಎಲ್ಲಾ ಸೇರಿ 500 ಡಾಲರಿಗೆ ನಾನು ಎಷ್ಟು ಕೊಡಬೇಕು?" ಅಂತ ಕೇಳಿ. ಆ ಮೊತ್ತವನ್ನು 500ರಿಂದ ಭಾಗಿಸಿ, ಫೋನಿನಲ್ಲಿ ಕಾಣುವ ದರದ ಪಕ್ಕ ಇಟ್ಟು ನೋಡಿ. ಒಂದೆರಡು ರೂಪಾಯಿ ವ್ಯತ್ಯಾಸ ಇದ್ದರೆ ಒಪ್ಪಿಕೊಳ್ಳಬಹುದು. ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಕಡೆಯೇ ಹೋಗಿ, ರಸೀದಿ ತೆಗೆದುಕೊಳ್ಳಿ. 50,000 ರೂಪಾಯಿ ಮೇಲಾದರೆ ನಗದು ತೆಗೆದುಕೊಳ್ಳುವುದಿಲ್ಲ, ಚೆಕ್ ಅಥವಾ ಬ್ಯಾಂಕ್ ವರ್ಗಾವಣೆ ಬೇಕು. ಪಾಸ್‌ಪೋರ್ಟ್ ಜೊತೆಗಿರಲಿ.

ನಾನೂ ಬ್ಯಾಂಕಿನಲ್ಲಿ ಕೆಲಸ ಮಾಡಿದವಳು. ಆದರೂ ಸಿಂಗಪುರದಲ್ಲಿ ನಾನೇ ಮೋಸ ಹೋದೆ. ಅಂಗಡಿಯಲ್ಲಿ ಕಾರ್ಡ್ ಕೊಟ್ಟಾಗ ಮೆಷಿನ್ ಕೇಳಿತು, ರೂಪಾಯಿಯಲ್ಲಿ ಕೊಡುತ್ತೀರಾ, ಸಿಂಗಪುರ ಡಾಲರಿನಲ್ಲಿ ಕೊಡುತ್ತೀರಾ ಅಂತ. ನಮ್ಮ ದುಡ್ಡು ಅಲ್ವಾ ಅಂತ ರೂಪಾಯಿ ಒತ್ತಿದೆ. ಆಗ ದರ ಹಾಕುವುದು ಆ ಮೆಷಿನ್ನಿನ ಕಡೆಯವರು, ತಮಗೆ ಬೇಕಾದ ಹಾಗೆ. ಯಾವಾಗಲೂ ಆ ಊರಿನ ಹಣವನ್ನೇ ಒತ್ತಬೇಕು. ಕಾರ್ಡಿನದ್ದೂ ಮೊದಲೇ ವಿಚಾರಿಸಿಕೊಳ್ಳಿ. ಎಷ್ಟೋ ಕ್ರೆಡಿಟ್ ಕಾರ್ಡುಗಳಲ್ಲಿ ಹೊರದೇಶದ ಖರ್ಚಿನ ಮೇಲೆ ಶೇಕಡಾ 3.5ರವರೆಗೆ ಹಿಡಿಯುತ್ತಾರೆ, ಅದರ ಮೇಲೆ ಜಿಎಸ್‌ಟಿ ಬೇರೆ.

ಕೆಲವರು ಹೇಳುತ್ತಾರೆ, ಲಕ್ಷಗಟ್ಟಲೆ ಕೊಟ್ಟು ಟಿಕೆಟ್ ತೆಗೆದವರಿಗೆ ನಾಲ್ಕು ಸಾವಿರ ಯಾವ ಲೆಕ್ಕ ಅಂತ. ಟಿಕೆಟ್ ತೆಗೆದಿದ್ದು ಮಗಳು. ಆ ನಾಲ್ಕು ಸಾವಿರ ಗದ್ದೆಯಿಂದ ಬಂದಿದ್ದು.

ಅವರು ಹೊರಡುವ ಹಿಂದಿನ ವಾರ ನಾನು ಮದ್ದೂರಿಗೆ ಹೋಗಿದ್ದೆ. ಚಿಕ್ಕಮ್ಮ ಚಟ್ನಿಪುಡಿ ಕಟ್ಟುತ್ತಿದ್ದರು. ಪಕ್ಕದಲ್ಲೇ ಕೂತು ಊಟ ಮಾಡಿದೆ. ಡಾಲರ್ ಎಲ್ಲಿ ತಗೋತೀರಿ ಅಂತ ಒಂದು ಮಾತು ಕೇಳಲಿಲ್ಲ. ನಿನ್ನೆ ರಾತ್ರಿ ನಿದ್ದೆ ಬರದೇ ಇದ್ದಿದ್ದು ಅದಕ್ಕೇ.

ಉಳಿದ ಡಾಲರನ್ನು ಅಷ್ಟು ಅವಸರದಲ್ಲಿ ಯಾಕೆ ಮಾರಿದಿರಿ ಅಂತ ಕೇಳಿದೆ. ಮನೇಲಿ ಇಟ್ಟುಕೊಂಡರೆ ಕೇಸಾಗುತ್ತೆ ಅಂತ ಯಾರೋ ಹೆದರಿಸಿದ್ದರಂತೆ. ಹಾಗೇನಿಲ್ಲ. 2000 ಡಾಲರ್‌ವರೆಗೆ ಇಟ್ಟುಕೊಳ್ಳಬಹುದು. ಅದಕ್ಕಿಂತ ಜಾಸ್ತಿ ಇದ್ದರೆ ಬಂದ 180 ದಿನದೊಳಗೆ ಬ್ಯಾಂಕಿಗೋ ಪರವಾನಗಿ ಇರುವ ಕೌಂಟರಿಗೋ ಮಾರಬೇಕು, ಅಷ್ಟೇ.

ಮುಂದಿನ ವರ್ಷ ಮಗುವಿನ ಹುಟ್ಟುಹಬ್ಬಕ್ಕೆ ಮತ್ತೆ ಹೋಗುತ್ತಾರಂತೆ. ಡಾಲರ್ ಕೊಡಿಸಲು ನಾನೇ ಜೊತೆಗೆ ಹೋಗುತ್ತೇನೆ ಅಂತ ಹೇಳಿದ್ದೇನೆ.