ಕೀಮೋ ನಡೆಯುವಾಗ ಆ ಡಬ್ಬಿ ಬೇಡ

ಪರಿಚಯದವರ ಮನೆಯಲ್ಲಿ ಯಾರಿಗಾದರೂ ಸ್ತನ ಕ್ಯಾನ್ಸರ್ ಎಂದು ಗೊತ್ತಾದರೆ, ನೋಡಲು ಹೋಗುವವರ ಕೈಯಲ್ಲಿ ಈಗೀಗ ಹಣ್ಣಿನ ಜೊತೆ ಒಂದು ಡಬ್ಬಿಯೂ ಇರುತ್ತದೆ. ಆ್ಯಂಟಿಆಕ್ಸಿಡೆಂಟ್ ಪುಡಿ, ಇಲ್ಲವೇ ಕ್ಯಾಪ್ಸೂಲ್. “ಕೀಮೋದ ನಂಜನ್ನೆಲ್ಲ ಇದು ತೆಗೆಯುತ್ತದಂತೆ ಅಕ್ಕಾ, ಬಿಡದೆ ತೆಗೆದುಕೊಳ್ಳಿ” ಎನ್ನುತ್ತಾರೆ. ಪ್ರೀತಿಯಿಂದಲೇ ತಂದಿರುತ್ತಾರೆ. ಆದರೂ ಆ ಡಬ್ಬಿ ಕಂಡರೆ ನನಗೆ ಭಯ.

ಈ ಪುಡಿಗಳು ತಡೆಯುತ್ತವೆ ಎನ್ನುವ ಆಕ್ಸಿಡೇಟಿವ್ ಸ್ಟ್ರೆಸ್, ಅಂದರೆ ಚುರುಕು ಅಣುಗಳಿಂದ ಜೀವಕೋಶಕ್ಕೆ ಬೀಳುವ ಏಟು, ಕಟ್ಟುಕಥೆಯಲ್ಲ. ಜೀವಕೋಶ ಆಮ್ಲಜನಕ ಬಳಸಿ ಶಕ್ತಿ ತಯಾರಿಸುವಾಗ ಸೂಪರ್‌ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್‌ನಂತಹ ಚುರುಕು ಅಣುಗಳು ಹುಟ್ಟುತ್ತವೆ. ದೇಹದ ಕಿಣ್ವಗಳು ಅವನ್ನು ಹದ್ದುಬಸ್ತಿನಲ್ಲಿಡುತ್ತವೆ. ಹದ್ದು ಮೀರಿದರೆ ಡಿಎನ್‌ಎಗೆ ಏಟು ಬೀಳುತ್ತದೆ. ಹೆಂಗಸರಲ್ಲಿ ಇದಕ್ಕೆ ಬೇರೆ ದಾರಿಗಳೂ ಇವೆ. ಹೆಣ್ಣಿನ ಹಾರ್ಮೋನ್ ಈಸ್ಟ್ರೊಜನ್‌ನಿಂದ ಉಂಟಾಗುವ ಕ್ವಿನೋನ್ ಎಂಬ ರಾಸಾಯನಿಕಗಳು ಇಂಥ ಅಣುಗಳನ್ನು ಹೆಚ್ಚಿಸಬಲ್ಲವು. ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ತೊಂದರೆ) ಇರುವವರ ಅಂಡಾಶಯದ ಸಿಸ್ಟ್‌ಗಳಲ್ಲಿ ಹಳೆಯ ರಕ್ತ ನಿಂತು, ಅದರಲ್ಲಿನ ಕಬ್ಬಿಣ ಸುತ್ತಲಿನ ಕೋಶಗಳನ್ನು ವರ್ಷಗಟ್ಟಲೆ ಘಾಸಿ ಮಾಡುತ್ತದೆ. ಕೆಲವು ಬಗೆಯ ಅಂಡಾಶಯ ಕ್ಯಾನ್ಸರ್‌ಗಳಿಗೆ ಇದರ ನಂಟಿದೆ.

ಪುಡಿ ಮಾರುವವರು ಇಷ್ಟನ್ನೇ ಹೇಳಿ ನಿಲ್ಲಿಸುತ್ತಾರೆ. ಮುಂದಿನದು ಇದಕ್ಕಿಂತ ಮುಖ್ಯ. ಸ್ತನ ಕ್ಯಾನ್ಸರ್‌ಗೆ ಕೊಡುವ ಕೆಂಪು ಬಣ್ಣದ ಕೀಮೋ ಔಷಧ ಡಾಕ್ಸೊರುಬಿಸಿನ್ ರೋಗದ ಕೋಶವನ್ನು ಕೊಲ್ಲುವ ಬಗೆಗಳಲ್ಲಿ ಇದೇ ಆಕ್ಸಿಡೇಟಿವ್ ಏಟೂ ಒಂದು. ರೇಡಿಯೇಷನ್‌ನ ಬಲದಲ್ಲಿ ಬಹುಪಾಲು ಅದೇ. ಕ್ಯಾನ್ಸರ್ ಕೋಶವಾದರೋ ತನ್ನನ್ನು ಉಳಿಸಿಕೊಳ್ಳಲು ಗ್ಲುಟಾಥಯೋನ್‌ನಂತಹ ಆ್ಯಂಟಿಆಕ್ಸಿಡೆಂಟ್ ರಕ್ಷಕಗಳನ್ನು ಮೊದಲೇ ಕೂಡಿಟ್ಟುಕೊಂಡಿರುತ್ತದೆ. ಹಾಗಿರುವಾಗ ಡಬ್ಬಿ ತೆರೆದು ನಾವು ಯಾರಿಗೆ ಉಣಿಸುತ್ತಿದ್ದೇವೆ?

ಅಮೆರಿಕದಲ್ಲಿ ಸುಮಾರು 40,000 ಆರೋಗ್ಯವಂತ ಮಹಿಳೆಯರನ್ನು ಹತ್ತು ವರ್ಷ ಗಮನಿಸಿದ ಪ್ರಯೋಗದ ಫಲಿತಾಂಶ 2005ರಲ್ಲಿ ಬಂತು. ಅವರಿಗೆ ಕೊಟ್ಟ ಆ್ಯಂಟಿಆಕ್ಸಿಡೆಂಟ್ ವಿಟಮಿನ್ ಇ ಕ್ಯಾನ್ಸರನ್ನು ತಡೆಯಲಿಲ್ಲ. ಫಿನ್ಲೆಂಡ್‌ನಲ್ಲಿ ಧೂಮಪಾನ ಮಾಡುವ ಗಂಡಸರಿಗೆ ಬೀಟಾ ಕ್ಯಾರೊಟಿನ್ ಎಂಬ ಇನ್ನೊಂದು ಆ್ಯಂಟಿಆಕ್ಸಿಡೆಂಟ್ ಕೊಟ್ಟಾಗ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚೇ ಆಯಿತು. ಅದು 1994ರ ವರದಿ. ಸ್ತನ ಕ್ಯಾನ್ಸರ್ ರೋಗಿಗಳ ಇನ್ನೊಂದು ಅಮೆರಿಕನ್ ಅಧ್ಯಯನದಲ್ಲಿ, ಕೀಮೋಗೆ ಮುಂಚೆಯೂ ಕೀಮೋ ನಡೆಯುವಾಗಲೂ ಆ್ಯಂಟಿಆಕ್ಸಿಡೆಂಟ್ ಮಾತ್ರೆ ನುಂಗಿದವರಲ್ಲಿ ರೋಗ ಮರುಕಳಿಸಿದ್ದು ಹೆಚ್ಚಾಗಿ ಕಂಡಿತು. ಅಂಥವರ ಸಂಖ್ಯೆ ಸಣ್ಣದು, ಮಾತ್ರೆಯೇ ಕಾರಣವೆಂದು ಸಾಬೀತಾಗಿಲ್ಲ. ಆದರೆ ಇಷ್ಟು ಸುಳಿವಿದ್ದೂ ಕಣ್ಣುಮುಚ್ಚಿ ನುಂಗಿಸುವುದು ನನಗೆ ಒಪ್ಪಿಗೆಯಿಲ್ಲ.

ನೆಲ್ಲಿಕಾಯಿ ಚಟ್ನಿಗೆ, ಸೊಪ್ಪಿನ ಹುಳಿಗೆ ನನ್ನ ತಕರಾರಿಲ್ಲ. ರೋಗಿಯ ನಾಲಿಗೆಗೆ ರುಚಿಸಿದರೆ ದಿನವೂ ಮಾಡಿಕೊಡಿ. ಊಟವೇ ಬೇರೆ, ಒಂದೇ ಅಂಶವನ್ನು ಹತ್ತಾರು ಪಟ್ಟು ತುಂಬಿದ ಗುಳಿಗೆಯೇ ಬೇರೆ.

ಸಾವಿರಾರು ರೂಪಾಯಿ ಖರ್ಚು ಮಾಡುವ ಮನಸ್ಸಿದ್ದರೆ ಮನೆಯ ಹೆಣ್ಣುಮಕ್ಕಳಿಗೆ, ಗರ್ಭಕಂಠದ ಕ್ಯಾನ್ಸರ್ ತರುವ ವೈರಸ್ ವಿರುದ್ಧದ ಎಚ್‌ಪಿವಿ ಲಸಿಕೆ ಹಾಕಿಸಿ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು ಕೊಳೆಗೇರಿಗಳಲ್ಲಿ ವಿನೆಗರ್ ಸವರಿ ಗರ್ಭಕಂಠವನ್ನು ಪರೀಕ್ಷಿಸುತ್ತಾ ಬಂದು, ಆ ಕ್ಯಾನ್ಸರ್‌ನ ಸಾವುಗಳನ್ನು ಶೇ 31ರಷ್ಟು ಇಳಿಸಿದ್ದಾರೆ. ಅಷ್ಟು ಅಗ್ಗದ ಪರೀಕ್ಷೆಗೆ ನಮ್ಮ ಅತ್ತೆ, ಚಿಕ್ಕಮ್ಮಂದಿರನ್ನು ಕರೆದುಕೊಂಡು ಹೋಗಲು ಮಾತ್ರ ನಮಗೆ ಪುರುಸೊತ್ತಿಲ್ಲ.

ಡಬ್ಬಿ ಈಗಾಗಲೇ ಮನೆಗೆ ಬಂದಿದ್ದರೆ ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಜೊತೆಗೆ ಒಯ್ದು ಕ್ಯಾನ್ಸರ್ ವೈದ್ಯರಿಗೆ ತೋರಿಸಿ. ಅವರು ಬೈಯುತ್ತಾರೆ ಎಂದು ಮುಚ್ಚಿಡಬೇಡಿ.